ನಾಲ್ಕನೆಯ ಜ್ವರ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಒಮ್ಮೆ
ಯುರೋಪಿನ ಸಂಸತ್ತಿನಿಂದ ಆರು ಜನ ಬಂದರು.
ಐವರು ಮೂಗಿಗೆ ಕರವಸ್ತ್ರ ಹಿಡಿದರು.
ಆರನೆಯವಳು, ಎವಾಂಥಿಯಾ ಕರಾಜೋಗ್ಲು,
ಜಾಲರಿಯೊಳಗೆ ಮೊಣಕೈವರೆಗೂ ತೋಳಿಳಿಸಿ
ಒಂದು ಗೂಡೆತ್ತಿ ಕಿವಿಯ ಬಳಿ ಅಲ್ಲಾಡಿಸಿದಳು,
ತೆಂಗಿನಕಾಯಿ ಕೊಳ್ಳುವವರ ಹಾಗೆ.
ಬಲಿತಿದೆ, ಅಂದಳು ಅವಳ ಭಾಷೆಯಲ್ಲಿ.
ನಾವು ಅನುವಾದಿಸುವ ಮೊದಲೇ
ರೀಲರ್ ಅಮೀರ್‌ಜಾನ್ ನಕ್ಕುಬಿಟ್ಟರು.

ನಾನು ಅಲ್ಲಿದ್ದದ್ದು ಇಂಗ್ಲಿಷ್ ಮೇಷ್ಟ್ರು ಅನ್ನುವ ತಪ್ಪಿಗೆ.
ಅವಳ ಗ್ರೀಕು ಒಬ್ಬನ ಬಾಯಲ್ಲಿ ಇಂಗ್ಲಿಷಾಗಿ,
ನನ್ನ ಬಾಯಲ್ಲಿ ಕನ್ನಡವಾಗಿ,
ತೂಕದ ಹುಡುಗನ ಬಾಯಲ್ಲಿ ಉರ್ದುವಾಗಿ
ಚಾಂದ್‌ಬೀಯ ಬಿಸಿನೀರಿನ ಬಾಣಲೆ ಮುಟ್ಟುವಷ್ಟರಲ್ಲಿ
ಎಳೆ ಎಷ್ಟು ಸಲ ಹರಿಯಿತೋ, ಎಲ್ಲಿ ಗಂಟು ಬಿತ್ತೋ.

"ರಾತ್ರಿ ಬೆರಳಿಗೆ ಏನು ಹಚ್ಚುತ್ತೀಯ?"
"ಕೊಬ್ಬರಿ ಎಣ್ಣೆ. ನಿಮ್ಮಲ್ಲಿ?"
"ನಮ್ಮಜ್ಜಿ ಆಲಿವ್ ಎಣ್ಣೆ ಹಚ್ಚುತ್ತಿದ್ದಳು. ವಾಸಿಯಾಗಲಿಲ್ಲ."
"ಇದೂ ಅಷ್ಟೇ."

ಟೀ ಕುಡಿಯುತ್ತ ತನ್ನ ರಾಜಕೀಯ ಹೇಳಿದಳು.
ಗಡಿಯ ಊರು, ನದಿಯಾಚೆ ಬೇರೆ ದೇಶ.
ರೇಷ್ಮೆ ಕಾರ್ಖಾನೆಯ ಕೂಗು ನಿಂತ ವರ್ಷ
ಬೀಗ ಬಿದ್ದ ಗೇಟಿನೆದುರು ಒಂದು ಸಲ ಮಾತಾಡಿದ್ದು,
ಆಮೇಲೆ ಯಾರೂ ಸುಮ್ಮನಿರಲು ಬಿಡಲಿಲ್ಲ.
ಅಲ್ಲಿ ಮತ ಅಂದರೆ ಹೆಸರಿನ ಪಕ್ಕ ಒಂದು ಶಿಲುಬೆಯಂತೆ.
"ಸಾಕಷ್ಟು ಹೊತ್ತಿದ್ದೇನೆ" ಅಂದಳು, ಅರ್ಧ ತಮಾಷೆಗೆ.

ಸಮಿತಿ ಬ್ರಸೆಲ್ಸಿನಲ್ಲಿ, ಸಭೆ ಸ್ಟ್ರಾಸ್‌ಬರ್ಗಿನಲ್ಲಿ.
ತಿಂಗಳಿಗೊಮ್ಮೆ ಸಂಸತ್ತೇ ಟ್ರಂಕಿಗೆ ತುಂಬಿಕೊಂಡು
ಊರು ಬದಲಿಸುತ್ತದಂತೆ.
ಇದೊಂದು ಅಮೀರ್‌ಜಾನ್‌ಗೆ ಪೂರ್ತಿ ಅರ್ಥವಾಯಿತು:
"ನಮ್ ಸಂತೆಯವ್ರೂ ಹಂಗೇ. ಲಾರಿ ಬಾಡಿಗೆ
ಯಾರು ಕೊಡ್ತಾರೆ, ಕೇಳಿ ಮೇಷ್ಟ್ರೇ."
ಕೇಳಿದೆ.
"ಜನ" ಅಂದಳು.
ನಾಲ್ಕು ಭಾಷೆಯಲ್ಲೂ ಉತ್ತರ ಅಷ್ಟೇ ಚಿಕ್ಕದಿತ್ತು.

ಮಾತಿಗೆ ಸಿಗುವುದು ಒಂದು ನಿಮಿಷ.
ಕೆಂಪು ದೀಪ ಹತ್ತಿದರೆ ಮೈಕು ಸತ್ತಿತು.
ಸುತ್ತ ಗಾಜಿನ ಗೂಡುಗಳಲ್ಲಿ ಅನುವಾದಕರು
ಅವಳ ವಾಕ್ಯದ ತುದಿ ಹುಡುಕುತ್ತ ಕೂತಿರುತ್ತಾರೆ,
ಬಾಣಲೆಯಲ್ಲಿ ಚಾಂದ್‌ಬೀ ಹುಡುಕುವಂತೆ.
ಮೊದಲ ಐದು ವರ್ಷದಲ್ಲಿ ಹದಿನೇಳು ತಿದ್ದುಪಡಿ ತಂದಳು.
ಹದಿನಾರು ಬಿದ್ದವು. ಉಳಿದದ್ದರಿಂದ
ನಲವತ್ತು ಪುಟದ ಒಂದು ಕಾಯಿದೆಯಲ್ಲಿ
ಹತ್ತಿ, ಸೆಣಬುಗಳ ನಡುವೆ
'ರೇಷ್ಮೆ' ಅನ್ನುವ ಪದ ಬಂತು.
ಒಂದು ಪದ.

ನಮ್ಮ ಹುಳ ನಾಲ್ಕು ಸಲ ಸೊಪ್ಪು ಬಿಡುತ್ತದೆ.
ತಲೆಯೆತ್ತಿ, ಜಪಕ್ಕೆ ನಿಂತ ಹಾಗೆ ನಿಂತು
ಹಳೆ ಚರ್ಮ ಕಳಚುತ್ತದೆ.
ಅದಕ್ಕೆ ಜ್ವರ ಅಂತಲೇ ಹೆಸರು ನಮ್ಮಲ್ಲಿ.
ಇದನ್ನು ಹೇಳಿದಾಗ ಅವಳು ಬೆರಳು ಮಡಿಚಿದಳು:
ಒಂದು, ಪಕ್ಷ ಒಡೆದದ್ದು. ಎರಡು, ಗಂಡ ಬಿಟ್ಟದ್ದು.
ಮೂರು, ಕೈಯೆತ್ತಬಾರದಿದ್ದ ಮತಕ್ಕೆ ಕೈಯೆತ್ತಿದ್ದು,
ಊರ ಬೇಕರಿಯವ ಅಂದಿನಿಂದ ಮಾತಾಡಿಸುವುದಿಲ್ಲ.
ನಾಲ್ಕನೆಯ ಬೆರಳು ಹಾಗೇ ನೆಟ್ಟಗಿತ್ತು.

ಹೊರಡುವಾಗ ಆ ಗೂಡನ್ನು ಕೈಚೀಲಕ್ಕೆ ಹಾಕಿಕೊಂಡಳು.

ಮೊನ್ನೆ ಕಾಗದ ಬಂತು.
"ಇನ್ನೂರ ಹನ್ನೆರಡು ಶಿಲುಬೆ ಕಡಿಮೆ ಬಿದ್ದವು.
ಟ್ರಂಕು ಮನೆಗೆ ಬಂದಿದೆ. ಮಡಿಸಿದ ಭಾಷಣಗಳ ಅಡಿಯಲ್ಲಿ
ನಿಮ್ಮ ಗೂಡು ಸಿಕ್ಕಿತು, ಒಂದು ತುದಿ ತೂತು.
ಯಾವ ಅಧಿವೇಶನದ ನಡುವೆಯೋ
ಚಿಟ್ಟೆ ಎದ್ದು ಹೋಗಿದೆ. ನನಗೆ ಗೊತ್ತೇ ಆಗಲಿಲ್ಲ."

ಚಾಂದ್‌ಬೀಗೆ ಓದಿ ಹೇಳಿದೆ.
ಚರಕ ನಿಲ್ಲಿಸದೆ ಅಂದಳು:
"ತೂತು ಬಿದ್ದರೆ ಎಳೆ ಬರಲ್ಲ.
ದಿಂಬಿಗೆ ಆಗತ್ತೆ, ಬರೀರಿ.
ಮತ್ತೆ ಅವಳ ಬೆರಳು ಹೇಗಿದೆ, ಅದನ್ನೂ ಕೇಳಿ."

ಬರೆದು ಅಂಚೆ ಕಚೇರಿಗೆ ಹೋದೆ.
ಗ್ರೀಸು ಎಲ್ಲಿ ಬರುತ್ತೆ ಸಾರ್, ಅಂದ ಗುಮಾಸ್ತ,
ಚೀಟಿಯ ದರ ಹುಡುಕುತ್ತ.