ಹರಿಯುವ ಹೊತ್ತು

ಜುಬೈಲ್, ನಾಲ್ಕೂಕಾಲು. ಕ್ಯಾಂಪಿನ ಗೇಟಿನಲ್ಲಿ
ನಲವತ್ತೆರಡು ಜನ ಹತ್ತಿ ಕೂತರು, ಮಡಿಲಲ್ಲಿ ಬುತ್ತಿ,
ಬಸ್ಸಿನ ತುಂಬ ಖುಬ್ಬೂಸಿನ ಬೆಚ್ಚನೆ ವಾಸನೆ.
ಬೇಸಗೆಯಲ್ಲಿ ಸೂರ್ಯನಿಗಿಂತ ಮೊದಲೇ ಹೊರಡಬೇಕು,
ಮಧ್ಯಾಹ್ನ ಕಬ್ಬಿಣ ಮುಟ್ಟಲಿಕ್ಕಾಗುವುದಿಲ್ಲ.

ಮುಂದಿನ ಸೀಟಿನ ತಿಲಬಹಾದೂರನಿಗೆ ನಿದ್ದೆಯಿಲ್ಲ.
ಕನ್ನಡಿಯ ಮೇಲೆ, ನನಗಿಂತ ಮೊದಲು ಈ ಬಸ್ಸು ಓಡಿಸಿದ
ಪಡುಬಿದ್ರಿಯ ಯಾರೋ ಅಂಟಿಸಿದ ಮೂರಕ್ಷರ: ಅರುಣ.
‘ಏನದು ಗುರೂಜಿ, ದೇವರ ಹೆಸರಾ?’

ಅಲ್ಲ ಮಾರಾಯ, ಡ್ರೈವರನ ಹೆಸರು.

ಬಯಲಾಟದ ಗದ್ದೆಯಲ್ಲಿ ಕಡಲೆ ಮಾರುತ್ತ ಕಲಿತದ್ದು ನಾನು,
ಬ್ಯಾರಿಗಳ ಹುಡುಗ, ಪೊಟ್ಟಣ ಕಟ್ಟುತ್ತ ಕಟ್ಟುತ್ತ:
ವಿನತೆಗೆ ಎರಡು ಮೊಟ್ಟೆ. ಸವತಿಯ ಸಾವಿರ ಹಾವು
ಆಗಲೇ ಅಂಗಳದಲ್ಲಿ ಹರಿದಾಡುತ್ತಿವೆ.
ತಡೆಯಲಾರದೆ ಒಂದನ್ನು ಒಡೆದಳು.
ಒಳಗೆ ಸೊಂಟದವರೆಗೆ ಮಾತ್ರ ಮಗ, ತೊಡೆಯಿಲ್ಲ,
ಮೈಯೆಲ್ಲ ಹಸಿ ಕೆಂಪು.
‘ಅವಸರಗೇಡಿ, ಸವತಿಗೆ ತೊತ್ತಾಗು’ ಅಂದ, ಹೋದ.
ಕಾಲಿಲ್ಲದವನಿಗೆ ಸಿಕ್ಕಿದ್ದು ಕೂತು ಮಾಡುವ ಕೆಲಸ:
ಏಳು ಕುದುರೆಯ ಲಗಾಮು.
ಬೆಳಗಿಗೆ ಮೊದಲು ಕಾಣುವ ಕೆಂಪಿದೆಯಲ್ಲ, ಅದು ಅವನು.
ಯಜಮಾನ ಹಿಂದಿನ ಸೀಟಿನಲ್ಲಿ.

ಹುಡುಗ ನಗುತ್ತಾನೆ. ನಾನು ಕ್ಲಚ್ಚು ಒತ್ತುತ್ತೇನೆ.
ಎಡ ತೊಡೆ ಜೋಮು, ಹನ್ನೊಂದು ವರ್ಷದ ಜೋಮು.
ಪಾಸ್‌ಪೋರ್ಟಿನಲ್ಲಿ ನನಗೆ ಮೂರು ವರ್ಷ ಹೆಚ್ಚು,
ಉಮ್ಮ ಹೇಳಿ ಬರೆಸಿದ್ದು. ನೆರೆಮನೆಯ ಮಕ್ಕಳೆಲ್ಲ
ಆಗಲೇ ಅತ್ತರು ಪೂಸಿಕೊಂಡು ರಜೆಗೆ ಬರುತ್ತಿದ್ದರು.
ತಮ್ಮನನ್ನು ಮಾತ್ರ ಮುಟ್ಟಲಿಲ್ಲ ಅವಳು,
ಇನ್ನೂ ಕಾವು ಕೂತಿದ್ದಾಳೆ. ಓದುತ್ತಿದ್ದಾನೆ.
ಶಾಪ ಬಾಯಿಗೆ ಬಂದಿತ್ತು, ಒಮ್ಮೆ, ಫೋನಿನಲ್ಲಿ.
ನೆಟ್‌ವರ್ಕು ಹೋಯಿತು, ಪುಣ್ಯ.

ಎಡಕ್ಕೆ ರಿಫೈನರಿಯ ಚಿಮಣಿ. ರಾತ್ರಿಯಿಡೀ ಕೆಂಪು,
ಯಾವ ಹಗಲನ್ನೂ ತಾರದ ಕೆಂಪು.

ಸವತಿಯರು ಪಂಥ ಕಟ್ಟಿದ್ದು ಒಂದು ಬಾಲದ ಮೇಲೆ.
ಬಿಳಿಯೆಂದಳು ಒಬ್ಬಳು, ಕಪ್ಪೆಂದಳು ಇನ್ನೊಬ್ಬಳು;
ಹಾವುಗಳು ಕೂದಲಾಗಿ ಜೋತುಬಿದ್ದವು, ಬಿಳಿ ಸೋತಿತು.
ನೋಂಬಿನ ತಿಂಗಳಲ್ಲಿ ನಮ್ಮಜ್ಜ
ಎರಡು ನೂಲು ಹಿಡಿದು ಜಗಲಿಯಲ್ಲಿ ಕೂರುತ್ತಿದ್ದರು,
ಬಿಳಿಯದು ಕಪ್ಪಿನಿಂದ ಬಿಡಿಸಿಕೊಳ್ಳುವವರೆಗೆ
ನಮಗೆ ಗಂಜಿ ಕುಡಿಯಲು ಬಿಡುವು.
ಅದೇ ಪಂಥ ಇರಬೇಕು, ದಿನಾ ನಡೆಯುವುದು.

ಫಜ್ರ್ ಅಂದರೆ ಸೀಳುವುದೂ ಹೌದು,
ನೀರು ಚಿಮ್ಮುವುದೂ ಹೌದು ಅಂತ
ಹುಫೂಫಿನ ವಾಚ್‌ಮನ್ ಹೇಳಿದ.
ನಮ್ಮಲ್ಲಿ ಬೆಳಕು ಹರಿಯುತ್ತದೆ, ಅಂದೆ.
ಹೊಳೆಯ ಹಾಗೆ, ಹಳೆಯ ಲುಂಗಿಯ ಹಾಗೆ,
ಅಂಗಳದ ಆ ಹಾವುಗಳ ಹಾಗೆ.
ಇವತ್ತು ಯಾವ ಹಾಗೆ ಎಂದು ಯಾರೂ ಕೇಳುವುದಿಲ್ಲ.

ಊರಿನಲ್ಲಿ ಕಡಲಿಗೆ ಇಳಿಯುವವನು
ಇಲ್ಲಿ ಕಡಲಿನಿಂದ ಏಳುತ್ತಾನೆ, ಉಪ್ಪು ಕೊಡವಿಕೊಂಡು.
ಅವನಿಗಿನ್ನೂ ಹತ್ತು ನಿಮಿಷ ಇದೆ. ಸೈಟಿನ ಬೇಲಿಯ ಮೇಲೆ
ಮೊದಲ ಕೆಂಪು, ಗಾಯವೋ ಕೂಸೋ ತಿಳಿಯದ ಕೆಂಪು.

ತಿಲಬಹಾದೂರ ಕನ್ನಡಿಯ ಅಕ್ಷರಗಳನ್ನು
ಬೆರಳಿನಲ್ಲಿ ಒಮ್ಮೆ ತಿದ್ದಿ ಇಳಿದ.
ಎಂಬತ್ತನಾಲ್ಕು ಕಾಲುಗಳು ಮರಳಿನಲ್ಲಿ ನಡೆದು ಹೋದವು.
ನಾನು ಸೀಟಿನಲ್ಲೇ.