ಮೊಣಕಾಲಿನ ಮುಲಾಮು

ಜೆಸ್ತಫೋನಿಯ ರೈಲು ನಿಲ್ದಾಣದ ಹಿಂದೆ
ಬಾವಿಯಂಥ ಮಣ್ಣಿನ ಒಲೆ.
ಲಮಾರಾ ಅದರೊಳಕ್ಕೆ ಸೊಂಟದ ತನಕ ಬಗ್ಗಿ
ಒಳಗೋಡೆಗೆ ಹಿಟ್ಟು ಬಡಿಯುತ್ತಾಳೆ, ದಿನಕ್ಕೆ ಇನ್ನೂರು ರೊಟ್ಟಿ.
ಐವತ್ತರ ಆಸುಪಾಸಿನಲ್ಲಿ ಮೈ ತಾನೇ ಹೊತ್ತಿಕೊಳ್ಳತೊಡಗಿದಾಗ
ಒಂದು ಚಳಿಗಾಲವಿಡೀ ಗೊತ್ತೇ ಆಗಲಿಲ್ಲ
ಯಾವ ಬೆಂಕಿ ಒಲೆಯದು, ಯಾವುದು ತನ್ನದು.

ಆಮೇಲೆ ಮುಟ್ಟು ನಿಂತಿತು.
ನನ್ನ ನುಡಿಯಲ್ಲಿ ಅದಕ್ಕೂ ಸೋಕುವುದಕ್ಕೂ ಒಂದೇ ಮಾತು.
ಅವಳ ನುಡಿಯಲ್ಲಿ ಹಾಗಿಲ್ಲ.
ಆದರೂ ಅವಳ ಮನೆಯಲ್ಲಿ
ಒಂದರ ಹಿಂದೆ ಒಂದು, ಎರಡೂ ನಿಂತವು.

ನೆಪಗಳಿಗೇನು: ತಲೆಗೂದಲಲ್ಲಿ ಹಿಟ್ಟಿನ ಧೂಳು,
ನಾಲ್ಕಕ್ಕೇ ಏಳಬೇಕು,
ಓತಿಯಾನ ಗೊರಕೆ, ಓತಿಯಾನ ಮೊಣಕಾಲು;
ಕಾರ್ಖಾನೆಯ ಕುಲುಮೆಯೆದುರು ಮೂವತ್ತೊಂದು ವರ್ಷ ನಿಂತ ಕಾಲದು.
ನೋವು ಎಂಬ ಮಾತೊಂದನ್ನು ಮಾತ್ರ ಅವಳು ಆಡಲಿಲ್ಲ.
ಉಪ್ಪುಕಾಗದ ಉಜ್ಜಿದ ಹಾಗೆ. ಯಾರಿಗೆ ಹೇಳುವುದು?
ಅವಳವ್ವನೂ ಯಾರಿಗೂ ಹೇಳಿದ್ದಿಲ್ಲ.

ನಡು ದಪ್ಪವಾಯಿತು. ರಕ್ತದಲ್ಲಿ ಸಕ್ಕರೆ ಏರಿತು.
ಹಳೆಯ ಡಾಕ್ಟರು ತಲೆಯೆತ್ತದೆ ಚೀಟಿ ಬರೆದು
ರೊಟ್ಟಿ ಬಿಡಿ ಅಂದರು,
ಬೆಸ್ತನಿಗೆ ಹೊಳೆ ಬಿಡು ಅಂದ ಹಾಗೆ.

ಈ ಸಲ ಕುತೈಸಿಯಿಂದ ಹೊಸಬಳು ಬಂದಿದ್ದಳು, ನೆಸ್ತಾನ್,
ಕೆಸರು ಮೆತ್ತಿದ ಗಂಬೂಟು. ಟೇಪು ಹಿಡಿದು ಸೊಂಟ ಅಳೆದು
ತೊಂಬತ್ತೆಂಟು ಅಂದಳು; ಅದೇ ದನಿಯಲ್ಲಿ,
ಹಾಸಿಗೆಯಲ್ಲಿ ನೋವಾಗುತ್ತದೆಯೆ?
ಗೋಡೆಯ ಮೇಲೆ ಪಾದದ ಚಿತ್ರವೊಂದಿತ್ತು.
ಲಮಾರಾ ಅದರ ಬೆರಳನ್ನೆಲ್ಲ ಒಂದೊಂದಾಗಿ ನೋಡಿದಳು.
ಆಗುತ್ತೆ, ಅಂದಳು, ಹೆಬ್ಬೆರಳಿಗೆ.
ಇರುವುದು ಒಂದೇ ಮೈ ಅಲ್ಲವೆ, ಅಂದಳು ನೆಸ್ತಾನ್,
ಸಕ್ಕರೆಯದೊಂದು, ಸುಖದ್ದೊಂದು ಅಂತ ಎರಡಿಲ್ಲವಲ್ಲ.
ಬರೆದದ್ದು: ಒಂದು ಮಾತ್ರೆ, ಒಂದು ಮುಲಾಮು,
ಊಟವಾದ ಮೇಲೆ ಅರ್ಧ ಗಂಟೆ ನಡಿಗೆ.

ಔಷಧದಂಗಡಿಯ ಹುಡುಗ ಮುಲಾಮಿನ ಹೆಸರನ್ನು
ರೈಲಿನ ಹೆಸರು ಕೂಗುವಂತೆ ಕೂಗಿದ.
ಹಿಂದೆ ಬೀಗಿತ್ತಿ ನಿಂತಿದ್ದಳು.
ಮೊಣಕಾಲಿಗೆ, ಅಂದಳು ಲಮಾರಾ.
ಮನೆಯಲ್ಲೂ ಅದನ್ನೇ ಅಂದಳು.

ಹತ್ತನೆಯ ದಿನ ಕೊಳವೆ ಖಾಲಿ.
ಓತಿಯಾ ಪಂಚೆಯಗಲದ ಟವೆಲು ಸುತ್ತಿ ಕೂತಿದ್ದ, ಕಾಲು ಚಾಚಿ.
ಏನೂ ಉಪಯೋಗವಿಲ್ಲ ಕಣೇ ಇದು,
ಬೆಳಿಗ್ಗೆ ಸಂಜೆ ತಿಕ್ಕಿದೆ. ಚಿಕ್ಕ ಕಡ್ಡಿ ಬೇರೆ ಇಟ್ಟಿದ್ದಾರೆ,
ಅದು ಯಾವುದಕ್ಕೋ!

ಮೊದಲು ಅವಳ ಭುಜ ಕುಲುಕಿತು.
ಅಳುತ್ತಿದ್ದಾಳೆಂದು ಅವನು ಹೆದರಿ ಎದ್ದ, ಟವೆಲು ಜಾರಿತು,
ಆಗಂತೂ ಅವಳಿಗೆ ತಡೆಯಲಾಗಲಿಲ್ಲ;
ಪಕ್ಕದ ಮನೆಯ ನಾಯಿ ಬೊಗಳಿತು.
ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು
ಆ ಕಡ್ಡಿ ಯಾವುದಕ್ಕೆಂದು ಹೇಳಿಯೇಬಿಟ್ಟಳು.

ಅವನು ಬಹಳ ಹೊತ್ತು ಮಾತಾಡಲಿಲ್ಲ.
ನನ್ನ ಹಲ್ಲು ಹೋಯಿತಲ್ಲ, ಬಾಯಿ ವಾಸನೆಯೇನೋ ಅಂದುಕೊಂಡಿದ್ದೆ,
ಅಂದ. ಒಂಬತ್ತು ವರ್ಷ
ಲವಂಗ ಅಗಿಯುತ್ತಿದ್ದೆ.

ಲವಂಗದ ಡಬ್ಬಿ ಅವಳಿಗೆ ಗೊತ್ತಿತ್ತು. ಸಾರಿಗೆಂದು ತರುತ್ತಾನೆ ಅಂದುಕೊಂಡಿದ್ದಳು.

ಹೊಸ ಕೊಳವೆ ಓತಿಯಾನೇ ತಂದ,
ಕಾಗದದಲ್ಲಿ ಸುತ್ತಿಸದೆ, ಜೇಬಿನಿಂದ ತಲೆ ಹಾಕಿಕೊಂಡಿರುವಂತೆ.
ಈಗ ಉಂಡ ಮೇಲೆ ಇಬ್ಬರೂ ಕ್ವಿರಿಲಾ ಹೊಳೆಯ ಸೇತುವೆಯ ತನಕ ಹೋಗುತ್ತಾರೆ,
ಅವನ ಕಾಲಿಗೆ ಎಷ್ಟು ಸಾಧ್ಯವೋ ಅಷ್ಟು ಜೋರಾಗಿ.
ಕತ್ತಲಾದ ಮೇಲೆ ಅವನು ಕೇಳುತ್ತಾನೆ, ಕೇಳಿ ಕಾಯುತ್ತಾನೆ.
ಕೆಲವು ರಾತ್ರಿ ಬೇಡ ಅನ್ನುತ್ತಾಳೆ. ಬೇಡ ಎಂದರೆ ಬೇಡ,
ಬೆನ್ನಿಗೊಂದು ಕೈ ಇದ್ದರೆ ಸಾಕು.
ಬಾಕಿ ರಾತ್ರಿಗಳದ್ದು ಅವರಿಬ್ಬರದು.

ಸಕ್ಕರೆ ಇನ್ನೂ ನೂರ ಮೂವತ್ತೊಂದು. ಹೆಚ್ಚೇ.
ರೊಟ್ಟಿಯ ಚೂಪಾದ ತುದಿಯೊಂದನ್ನು ಮುರಿದು ತಿನ್ನುತ್ತಾಳೆ,
ಉಳಿದದ್ದನ್ನು ಮಾರುತ್ತಾಳೆ.
ನಸುಕಿನಲ್ಲಿ ಒಲೆಗೆ ಬಗ್ಗುವಾಗ ಮುಖಕ್ಕೆ ಝಳ ಹೊಡೆಯುತ್ತದೆ.
ಇದು ಒಲೆಯದು, ಅಂದುಕೊಳ್ಳುತ್ತಾಳೆ. ಇರಲಿ,
ಸ್ವಲ್ಪ ನನ್ನದೂ.