ಉಣ್ಣೆಗಳ್ಳಿ

ದಿಂಬನ್ನು ವಾಪಸು ತಂದಳು ಹೆರ್ಮೆಲಿಂದಾ.
"ನಿನ್ನಮ್ಮ ಹೊಲಿದದ್ದು. ಮೂರು ವರ್ಷ ಸುಮ್ಮನಿತ್ತು,
ಈಗ ನನ್ನ ಗಂಡನ ಕಿವಿಗೆ ಚುಚ್ಚುತ್ತದೆ."
ಚುಚ್ಚಿದ್ದು ದಿಂಬೋ ಇವಳ ಮಾತೋ,
ನಾನು ಕೇಳಲಿಲ್ಲ.

ಹೊಲಿಗೆ ಬಿಚ್ಚಿದೆ.
ಒಂದು ಉದ್ದ, ಎರಡು ಗಿಡ್ಡ,
ಕೊನೆಗೆ ಹಲ್ಲಿನಲ್ಲಿ ಕಡಿದ ಗಂಟು: ಅಮ್ಮನದೇ.
ಒಳಗೆ ಬಿಳಿ ಉಣ್ಣೆ.
ಕುರಿಯದಲ್ಲ, ಹತ್ತಿಯೂ ಅಲ್ಲ,
ಹುವಾಂಕಬಂಬಾ ಹೊಳೆಯಾಚೆ ಕಲ್ಲುಗುಡ್ಡದಲ್ಲಿ
ಎರಡಾಳೆತ್ತರ ನಿಂತ ಕಂಬಕಳ್ಳಿಯ ಮೈಯಿಂದ
ಕುಡುಗೋಲಿನಲ್ಲಿ ಕೆರೆದು ತಂದದ್ದು,
ಕತ್ತೆಯ ಬೆನ್ನ ಮೇಲೆ ಎರಡು ಮೂಟೆ, ಹಗುರ,
ಗಾಳಿ ಬಂದರೆ ಕತ್ತೆಯೇ ಹಾರೀತು ಅನ್ನುವಷ್ಟು.

"ಉಣ್ಣೆಗಳ್ಳಿ ಬಂದಳು" ಅನ್ನುತ್ತಿದ್ದರು ಊರವರು.
ಗಿಡದ ಹೆಸರೋ ಕದ್ದವಳ ಹೆಸರೋ,
ಅಮ್ಮ ಎರಡಕ್ಕೂ ಓಗೊಡುತ್ತಿದ್ದಳು.
ಯಾವ ಗಿಡವನ್ನೂ ಪೂರ್ತಿ ಬೋಳಿಸಿದವಳಲ್ಲ.
ಪಡುವಣ ಮಗ್ಗುಲಿಗೆ ಒಂದು ಗೇಣು ಬಿಡುತ್ತಿದ್ದಳು,
ಚಳಿಯಾದೀತು ಎಂದೋ,
ಮುಂದಿನ ಸಲಕ್ಕೆ ಇರಲಿ ಎಂದೋ.

ಉಣ್ಣೆ ಹಿಂಜುತ್ತಿದ್ದಾಗ ಸಿಕ್ಕಿತು ಮುಳ್ಳು,
ಸಿಕ್ಕಿತು ಅದರ ಹಿಂದೆಯೇ ಸುಕ್ಕಾದ ಒಂದು ಹಣ್ಣು.
ಒಡೆದರೆ ಬೀಜ,
ಕರಿ ಎಳ್ಳು ಮರಿ ಹಾಕಿದರೆ ಅಷ್ಟಿದ್ದೀತು.
ಅರವತ್ತರ ತನಕ ಎಣಿಸಿದೆ.
ಆಮೇಲೆ ಸೀನು ಬಂತು.

ಸಾರ್ಡೀನ್ ಡಬ್ಬಿಗೆ ಮೊಳೆಯಿಂದ ಐದು ತೂತು.
ಹೊಳೆಯ ಮರಳು ಜರಡಿ ಹಿಡಿದು ಬಾಣಲೆಯಲ್ಲಿ ಹುರಿದೆ
(ಅಕ್ಕ ಕಸಿಲ್ದಾ ಇಣುಕಿದಳು: "ರಾತ್ರಿಯೂಟಕ್ಕೆ ಇದೇನಾ?").
ಬೀಜ ಉದುರಿಸಿದೆ, ಮಣ್ಣು ಮುಚ್ಚಲಿಲ್ಲ,
ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ ಹೊದಿಸಿ
ತಟ್ಟೆ ನೀರಿನಲ್ಲಿ ಕೂರಿಸಿದೆ, ಕೆಳಗಿನಿಂದ ಕುಡಿಯಲಿ ಎಂದು.
ಹನ್ನೊಂದನೆಯ ದಿನ ಹಸಿರು ಗುಳ್ಳೆ,
ಕೂಸಿನ ಕತ್ತಿಗೆ ಏಳುವ ಬೆವರುಸಾಲೆಯ ಹಾಗೆ.
ಹತ್ತೊಂಬತ್ತು.
ಪಾಚಿ ತಿಂದದ್ದು ಐದು, ಕೋಳಿ ತಿಂದದ್ದು ಎಂಟು.
ಆ ಕೋಳಿಯನ್ನು ನಾವು ತಿಂದೆವು.
ಉಳಿದದ್ದು ಆರು.

ಮೊದಲ ವರ್ಷ ಕಿರುಬೆರಳು.
ಎರಡನೆಯ ವರ್ಷ ನೆತ್ತಿಯ ಮೇಲೆ
ಹಾಲು ಕುಡಿದ ಮಗುವಿನ ಮೀಸೆಯಷ್ಟು ಬಿಳುಪು.
ನಮಗೆ ಕೊನೆಗೆ ಬರುವ ನರೆ
ಇದಕ್ಕೆ ತೊಟ್ಟಿಲಲ್ಲೇ.
ಜೂನಿನಿಂದ ಸೆಪ್ಟೆಂಬರ್ ತನಕ ಹನಿ ನೀರಿಲ್ಲ,
ಉಳಿದ ತಿಂಗಳೂ ಬುಡಕ್ಕಷ್ಟೇ, ತಲೆಸ್ನಾನ ಕೂಡದು,
ಒದ್ದೆಯಾದರೆ ಉಣ್ಣೆ ಜಡೆಗಟ್ಟಿ ಕಂದುತ್ತದೆ.
ಗೋಡೆಯ ಬಿಸಿಲು ಬೇಕು, ಗೋಡೆಯ ನೆರಳು ಬೇಡ.
ದಿನಕ್ಕೊಮ್ಮೆ ಸರಿಸುತ್ತೇನೆ,
ಹಾಸಿಗೆ ಹಿಡಿದವರ ಮಗ್ಗುಲು ಬದಲಿಸಿದ ಹಾಗೆ.
ಆ ಕೆಲಸ ಕೈಗೆ ರೂಢಿಯಾಗಿದೆ.

ಉಣ್ಣೆಯೊಳಗೆ ಉಣ್ಣೆಯದೇ ಬಣ್ಣದ ಹಿಟ್ಟುತಿಗಣೆ.
ಹೇನು ನೋಡುವಂತೆ ಎಳೆ ಎಳೆ ಬಿಡಿಸಿ
ಕುಂಚವನ್ನು ಕಬ್ಬಿನ ಸಾರಾಯಿಗೆ ಅದ್ದಿ ಒರೆಸಬೇಕು.
ಸೀಸೆ ಹಿಡಿದು ನಿಲ್ಲುತ್ತಾನೆ ಭಾವ ಸೆನೋಬಿಯೊ,
ಕುಂಚಕ್ಕೆ ಒಂದು ಹನಿ, ತನಗೆ ಒಂದು ಗುಟುಕು.
ಆರನೆಯ ಗಿಡದ ಹೊತ್ತಿಗೆ
ತಿಗಣೆಗಳ ಪರವಾಗಿ ವಾದಿಸತೊಡಗುತ್ತಾನೆ.

ಹೂವಿಗೆ ಇನ್ನೂ ಎಷ್ಟು ವರ್ಷವೋ.
ರಾತ್ರಿ ಅರಳುತ್ತದಂತೆ, ನಾರುತ್ತದಂತೆ,
ಬಾವಲಿಗಳಿಗೆ ಆ ನಾತ ಇಷ್ಟವಂತೆ.
ಆರೂ ಒಂದೇ ದಿನ ಅರಳಿದರೆ
ಕಸಿಲ್ದಾ ನನ್ನನ್ನು ಮನೆಯಿಂದ ಓಡಿಸುವುದು ಖಂಡಿತ.

ಹೆರ್ಮೆಲಿಂದಾಗೆ ದಿಂಬನ್ನು ಅದೇ ತಿಂಗಳು ಮರಳಿಸಿದ್ದೆ,
ಒಳಗೆ ಆ ಕೋಳಿಯ ಪುಕ್ಕ,
ಅದರ ಹಿಂದಿನ ಎರಡರದ್ದೂ ಸೇರಿಸಿ.
ಗಂಡ ಈಗ ಗಾಢ ನಿದ್ದೆಯಂತೆ,
ಗೊರಕೆ ತಡೆಯಲಾಗುತ್ತಿಲ್ಲ ಎಂದು ದೂರು.

ಉಣ್ಣೆಯನ್ನು ನನ್ನ ದಿಂಬಿಗೆ ತುಂಬಿದೆ.
ಮುಳ್ಳನ್ನು ಎಸೆಯಲು ಕಿಟಕಿಯ ತನಕ ಹೋದವಳು
ತಿರುಗಿ ಬಂದೆ, ಅದನ್ನೂ ಒಳಗಿಟ್ಟು ಹೊಲಿದೆ.
ಒಂದು ಉದ್ದ, ಎರಡು ಗಿಡ್ಡ.
ಗಂಟನ್ನು ಹಲ್ಲಿನಲ್ಲಿ ಕಡಿದೆ.